ಮುಂಗಡ ಕೊಟ್ಟು ‘ಬರ್ತೀನಿ’ ಎಂದು ಹೋದ ಮಾನ್ಯರಿಗೆ

ಮಾನ್ಯರೇ,

ಸಕಲ ಗೌರವಗಳೊಂದಿಗೆ ಕನ್ನಡಕದ ಅಂಗಡಿಯವನು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ, ತಮ್ಮ ಕಾರು ನಮಗಿಂತಲೂ ಕ್ಷೇಮವಾಗಿದೆ, ತಾವು ಮಾತ್ರ ಎಲ್ಲಿದ್ದೀರೆಂದು ತಿಳಿಯದ ಕಾರಣ ಈ ಪತ್ರವನ್ನು ಊರಿಗೆಲ್ಲ ಕಾಣುವ ಹಾಗೆ ಬರೆಯಬೇಕಾಗಿ ಬಂದಿದೆ. ನಮ್ಮಿಬ್ಬರ ವಿಷಯ ಖಾಸಗಿಯಾಗಿಯೇ ಇರಬಹುದಿತ್ತಲ್ಲ ಎಂದು ತಾವು ನೊಂದುಕೊಳ್ಳಬಹುದು. ಖಾಸಗಿಯಾಗಿ ಬರೆಯುವುದಕ್ಕೆ ಹೆಸರು ಬೇಕು, ವಿಳಾಸ ಬೇಕು. ನನ್ನ ಬಳಿ ಇರುವುದು ತಮ್ಮ ಫೋನ್ ನಂಬರು ಮತ್ತು ಕಣ್ಣಿನ ನಂಬರು, ಎರಡೇ. ಫೋನ್ ನಂಬರು ಸ್ವಿಚ್ ಆಫ್ ಆಗಿದೆ. ಕಣ್ಣಿನದು ಎರಡೂ ಕಡೆ ಒಂದೂವರೆ, ಓದುವುದಕ್ಕೆ. ಅದನ್ನು ನಾನೇ ನೋಡಿದ್ದರಿಂದ ತಪ್ಪಿರಲಾರದು.

ನಡೆದದ್ದನ್ನು ತಮಗೇ ವಿವರಿಸುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ಪತ್ರ ಬಹಿರಂಗವಾದ ಮೇಲೆ ಓದುವ ಬೇರೆಯವರಿಗೂ ತಲೆಬುಡ ಗೊತ್ತಾಗಬೇಕಲ್ಲ. ನನ್ನ ಅಂಗಡಿಯಲ್ಲಿ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವ ಯಂತ್ರವೊಂದಿದೆ. ಅದಕ್ಕೆ ವಯಸ್ಸಾಗಿ, ಈಚೆಗೆ ದುಂಡನೆಯ ಫ್ರೇಮಿಗೆ ಕೊಟ್ಟ ಗಾಜನ್ನು ಮೊಟ್ಟೆಯಾಕಾರಕ್ಕೆ ತಿರುಗಿಸಿ ಕೊಡುತ್ತದೆ, ಮನಸ್ಸು ಸರಿ ಇಲ್ಲದ ದಿನ ಎರಡು ಹೋಳು ಮಾಡಿಯೂ ಕೊಡುತ್ತದೆ. ಹೊಸ ಯಂತ್ರ ತರಲು ಕಾರು ಮಾರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಕಾರಿನ ಹಿಂದಿನ ಗಾಜಿಗೆ ‘ಮಾರಾಟಕ್ಕಿದೆ’ ಎಂದು ಚೀಟಿ ಅಂಟಿಸಿ ಮನೆಯ ಮುಂದೆ ನಿಲ್ಲಿಸಿದೆ. ತಾವು ಬಂದಿರಿ.

ತಾವು ಬಾನೆಟ್ ತಟ್ಟಿದಿರಿ, ಬಗ್ಗಿ ಅಡಿ ನೋಡಿದಿರಿ, ಒಳಗೆ ಕೂತು ಸೀಟನ್ನು ಹಿಂದಕ್ಕೆ ಸರಿಸಿ ಕನ್ನಡಿಯನ್ನು ತಮ್ಮ ಎತ್ತರಕ್ಕೆ ತಿರುಗಿಸಿಕೊಂಡಿರಿ. ಆಮೇಲೆ ಕಾಗದಪತ್ರ ಕೊಟ್ಟರೆ ಅದನ್ನು ಎದುರು ಮನೆಯವರಿಗೆ ತೋರಿಸುವವರಂತೆ ಕೈ ನೀಡಿ ದೂರ ಹಿಡಿದಿರಿ. ಇನ್ನೊಬ್ಬ ಮಾರಾಟಗಾರನಾಗಿದ್ದರೆ ಅವನ ಕಣ್ಣಿಗೆ ಒಬ್ಬ ಗಿರಾಕಿ ಕಾಣುತ್ತಿದ್ದ. ನನಗೆ ಕಂಡದ್ದು ಒಂದು ಜೊತೆ ದಣಿದ ಕಣ್ಣು. ಮನೆಯೊಳಗೆ ಓಡಿ, ಅಂಗಡಿಯ ಪೆಟ್ಟಿಗೆ ತಂದು, ಪರೀಕ್ಷೆಯ ಗಾಜುಗಳನ್ನಿಟ್ಟು ನೋಡಿ, ಸರಿಹೊಂದುವ ಒಂದು ಕನ್ನಡಕವನ್ನು ತಮ್ಮ ಮೂಗಿನ ಮೇಲೆ ನಾನೇ ಏರಿಸಿದೆ. ತಾವು ಕಾಗದ ಓದಿ “ಎಲ್ಲಾ ಕ್ಲಿಯರ್ ಆಗಿದೆ ಸಾರ್” ಎಂದಿರಿ. ಹೊಗಳಿದ್ದು ಕಾಗದಪತ್ರವನ್ನೋ ಕನ್ನಡಕವನ್ನೋ ನನಗೆ ಈಗಲೂ ಸ್ಪಷ್ಟವಿಲ್ಲ, ಆದರೆ ಎರಡರ ಪರವಾಗಿಯೂ ನಾನೇ ಹಿಗ್ಗಿದೆ.

ಆ ಹಿಗ್ಗಿನಲ್ಲಿಯೇ ತಾವಿತ್ತ ಮುಂಗಡವನ್ನು ಎಣಿಸದೆ ಜೇಬಿಗಿಳಿಸಿದೆ. ಹೆಸರು ಕೇಳಿದರೆ ಅಪನಂಬಿಕೆ ಎಂದು ತಿಳಿದೀರೆಂದು ಕೇಳಲಿಲ್ಲ; ಯಾವತ್ತು ಬರುತ್ತೀರೆಂದು ಕೇಳಿದರೆ ಅವಸರ ಎಂದುಕೊಂಡೀರೆಂದು ಅದನ್ನೂ ಬಿಟ್ಟೆ. ಅಂಗಡಿಯ ಬಿಲ್ಲಿನ ಬೆನ್ನಿಗೆ ‘ಕಾರಿನ ಬಾಬ್ತು ಮುಂಗಡ ಬಂದಿದೆ, ಉಳಿದದ್ದು ತಮಗೆ ಅನುಕೂಲವಾದಾಗ’ ಎಂದು ದುಂಡಗೆ ಬರೆದುಕೊಟ್ಟೆ. ಅದೂ ಸಾಲದೆಂಬಂತೆ, ಯಾರೂ ಕೇಳದಿದ್ದರೂ, “ನಿಮ್ಮದೇ ಗಾಡಿ ಅಂದ್ಕೊಳ್ಳಿ, ನಿಧಾನವಾಗಿ ತಗೊಂಡು ಹೋಗಿ” ಎಂದೆ. ತಾವು ಗೇಟಿನ ಬಳಿ ತಿರುಗಿ, ನನ್ನ ಕನ್ನಡಕದೊಳಗಿಂದ ನನ್ನನ್ನೇ ನೋಡಿ, “ಬರ್ತೀನಿ” ಎಂದು ಹೊರಟಿರಿ.

ಮಾನ್ಯರೇ, ನನ್ನ ದೂರಿರುವುದು ಈ ಒಂದು ಮಾತಿನ ಮೇಲೆ. ನಮ್ಮ ಭಾಷೆಯಲ್ಲಿ ಹೊರಡುವವರು ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ. ಮತ್ತೆ ಮುಖ ತೋರಿಸದವರೂ ‘ಬರ್ತೀನಿ’ ಎಂದೇ ಹೋಗುತ್ತಾರೆ. ಹಾಗಾದರೆ ತಾವಂದದ್ದು ಮಾತು ಕೊಟ್ಟದ್ದೋ, ಬರೀ ಬೀಳ್ಕೊಂಡದ್ದೋ? “ಆಣೆ ಇಟ್ಟ ಹಾಗೆ ಹೇಳಿದರು ಕಣೇ” ಎಂದು ನಾನು. “ಹೊಟ್ಟೆ ತುಂಬಿದ ನೆಂಟರು ಹೇಳೋ ಥರ ಹೇಳಿದ್ರು ರೀ” ಎಂದು ನನ್ನ ಹೆಂಡತಿ. ನಮ್ಮೊಡನೆಯೇ ಇರುವ ಅತ್ತೆಯವರ ಅಭಿಪ್ರಾಯ ಕೇಳಿದೆವು. ಅವರು ಕಾಫಿ ಆರಿಸಿಕೊಳ್ಳುತ್ತಾ, “ಅವರು ಬರ್ತೀನಿ ಅಂದಿದ್ದು ನಿಜ ಅಳಿಯಂದ್ರೇ. ಇಲ್ಲಿಗೇ ಅಂತ ಅಂದ್ರಾ?” ಎಂದು ಲೋಟ ಎತ್ತಿದರು.

ತಾವು ಹೋದ ದಿನದಿಂದ ಕಾರಿಗೆ ಬಂದಿರುವ ಯೋಗವನ್ನು ತಾವು ಕಣ್ಣಾರೆ ನೋಡಬೇಕಿತ್ತು. ನನ್ನದಾಗಿದ್ದಾಗ ಅದು ಮಣ್ಣು ಮೆತ್ತಿಕೊಂಡೇ ತಿರುಗುತ್ತಿತ್ತು. ಪರರ ಸೊತ್ತಾದ ಮೇಲೆ ಹಾಗೆ ಬಿಡಲಾದೀತೆ? ವಾರವಾರ ತೊಳೆಯುತ್ತೇನೆ. ಸವೆದ ವೈಪರನ್ನು ನನ್ನ ಕೈಯಿಂದಲೇ ಖರ್ಚು ಹಾಕಿ ಬದಲಾಯಿಸಿದೆ. ಅಂಗಡಿಗೆ ಬಸ್ಸಿನಲ್ಲಿ ಹೋಗುತ್ತೇನೆ. ತಮ್ಮನ್ನು ಕೇಳದೆ ತಮ್ಮ ಕಾರಿನಲ್ಲಿ ಹೋಗುವುದು ಹೇಗೆ? ಒಮ್ಮೆ ಚರಂಡಿ ರಿಪೇರಿಯವರು ಗಾಡಿ ತೆಗೆಯಿರೆಂದಾಗ ಅದನ್ನು ಚಲಾಯಿಸಲೇಬೇಕಾಯಿತು. ತಮ್ಮ ಕಾಲಿನಷ್ಟು ಉದ್ದಕ್ಕೆ ಹಿಂದೆ ಸರಿದಿದ್ದ ಸೀಟಿನಲ್ಲಿ ಕೂತರೆ ನನ್ನ ಪಾದ ಬ್ರೇಕಿಗೆ ಎಟುಕಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಾರಿನ ಸೂರು ಕಂಡಿತು. ಸೀಟನ್ನು ಮುಂದಕ್ಕೆಳೆಯಲು ಕೈ ಹಾಕಿದೆ. ಕಿಟಕಿಯಿಂದ ಹೆಂಡತಿ “ಅವರು ಸರಿ ಮಾಡ್ಕೊಂಡು ಹೋಗಿರೋದನ್ನ ಕೆಡಿಸ್ಬೇಡಿ ರೀ” ಎಂದಳು. ತಮಾಷೆಗೆ ಹೇಳಿದಳೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನಾನು ಸೀಟಿನ ತುದಿಯಲ್ಲಿ, ಪರೀಕ್ಷೆಗೆ ಕೂತ ಹುಡುಗನಂತೆ ಒರಗದೆ ಕೂತು, ಸ್ಟೀರಿಂಗನ್ನು ತಬ್ಬಿಕೊಂಡು, ಗಾಡಿಯನ್ನು ಚರಂಡಿ ದಾಟಿಸಿಯಾಗಿತ್ತು. “ನಮ್ಮ ಗಾಡಿ ಆಗಿದ್ದಾಗ ಒಂದ್ಸಲ ಬಟ್ಟೆ ಮುಟ್ಟಿಸ್ಲಿಲ್ಲ, ಈಗ ನೋಡು ಭಕ್ತಿ!” ಎಂದು ಅತ್ತೆಯವರು ಮಗಳಿಗೆ ಹೇಳಿದ್ದು ನನಗೆ ಕೇಳಿಸಲಿ ಎಂದೇ.

ಫೋನಿನಲ್ಲಿ ತಮ್ಮನ್ನು ‘ಕಾರು ಕೊಂಡವರು’ ಎಂದು ಸೇವ್ ಮಾಡಿಕೊಂಡಿದ್ದೆ. ಕೆಲವು ದಿನ ಕಳೆದ ಮೇಲೆ ನೋಡಿದರೆ ಅದು ‘ಕಾರು ಕೊಳ್ಳುವವರು’ ಆಗಿತ್ತು, ಹೆಂಡತಿಯ ಕೈವಾಡ. ಈಗ ‘ಕಾರು ಕೊಳ್ಳದವರು’ ಎಂದಿದೆ. ಅತ್ತೆಯವರಿಗೆ ಟೈಪು ಮಾಡಲು ಬರುತ್ತದೆಂದು ಗೊತ್ತಾದದ್ದೇ ಆಗ. ಕರೆ ಮಾಡಿದಾಗಲೆಲ್ಲ ಸ್ವಿಚ್ ಆಫ್ ಆಗಿದೆಯೆಂದು ಹೇಳುವ ಆ ರೆಕಾರ್ಡಿನ ಹೆಂಗಸಿನ ದನಿಗೆ ನಾನೆಷ್ಟು ಒಗ್ಗಿಹೋದೆನೆಂದರೆ, ಒಂದು ದಿನ ಅವರು ಹೇಳಿ ಮುಗಿಸಿದ ಮೇಲೆ “ಪರವಾಗಿಲ್ಲಮ್ಮ, ಆಮೇಲೆ ಮಾಡ್ತೀನಿ” ಎಂದು ಉತ್ತರ ಕೊಟ್ಟೆ. ಅಂಗಡಿಯಲ್ಲಿದ್ದ ಗಿರಾಕಿ ಗೋಡೆಯ ಮೇಲಿನ ಅಕ್ಷರ ಓದುವುದನ್ನು ಬಿಟ್ಟು ನನ್ನ ಮುಖ ಓದತೊಡಗಿದರು.

ತಮಗೇನಾದರೂ ಕಷ್ಟ ಬಂದಿರಬಹುದೆ ಎಂಬ ಯೋಚನೆ ಬಾರದೆ ಇಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ, ಅಥವಾ ಕೈಯಲ್ಲಿದ್ದ ಕೆಲಸ ತಪ್ಪಿ, ಒಂದು ಹಳೆಯ ಕಾರಿನ ನೆನಪೇ ಹಾರಿಹೋಗಿರಬಹುದು. ಹಾಗಿದ್ದರೆ ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಹೊಡೆದುಹಾಕಿ ಓದಬೇಕು. ಹಾಗಿಲ್ಲದಿದ್ದರೆ ಮತ್ತೊಮ್ಮೆ ಮೊದಲಿನಿಂದ ಓದಬೇಕು.

ಇಷ್ಟು ದಿನ ಸುಮ್ಮನಿದ್ದವನು ಈಗೇಕೆ ಬಾಯಿ ಬಿಟ್ಟೆನೆಂದರೆ, ನಮ್ಮ ಮೇಲಿನ ಮನೆಯಲ್ಲಿ ಫಿಸಿಯೋಥೆರಪಿ ಮಾಡುವ ಮೇಡಂ ಒಬ್ಬರಿದ್ದಾರೆ. ಮಂಡಿ ಹಿಡಿದವರ, ಸೊಂಟ ಹಿಡಿದವರ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತಾರೆ. ಮಡಚುವ ಮಂಚವೊಂದನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತುತ್ತಾರೆ. ಊರವರ ಸೊಂಟ ನೆಟ್ಟಗೆ ಮಾಡಿ ಮಾಡಿ ಈಗ ಅವರ ಸೊಂಟವೇ ಹಿಡಿದುಕೊಂಡಿದೆ. “ಅಣ್ಣಾ, ಆ ಕಾರು ನನಗೆ ಕೊಟ್ಬಿಡಿ, ಪೂರ್ತಿ ದುಡ್ಡು ಒಟ್ಟಿಗೇ ಕೊಡ್ತೀನಿ” ಎಂದರು. “ಮಾತು ಕೊಟ್ಟಿದೀನಲ್ಲಮ್ಮ” ಎಂದು ಗಂಭೀರವಾಗಿ ಹೇಳಿ ಕಳಿಸಿದೆ. ಎರಡನೆಯ ಸಲ ಕೇಳುವಾಗ ಅವರು ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದರು. “ಭಾನುವಾರದ ತನಕ ಕಾಯ್ತೀನಿ, ಆಮೇಲೆ ಬೇರೆ ಕಡೆ ನೋಡ್ಕೋತೀನಿ ಅಣ್ಣಾ” ಎಂದರು. ಅತ್ತ ಮೊಟ್ಟೆಯಾಕಾರದ ಗಾಜು, ಇತ್ತ ಬಗ್ಗಿದ ಸೊಂಟ, ನಡುವೆ ತೊಳೆದು ಹೊಳೆಯುತ್ತಿರುವ ತಮ್ಮ ಕಾರು, ಅದರ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತ ನಾನು. ಇವತ್ತೇ ಆ ಭಾನುವಾರ.

ಆದ್ದರಿಂದ ತಮ್ಮಲ್ಲಿ ಒಂದೇ ಒಂದು ಬೇಡಿಕೆ. ತಾವು ಹಣ ತರುವುದು ಬೇಡ, ಕಾರು ಒಯ್ಯುವುದೂ ಬೇಡ. ಒಮ್ಮೆ ಗೇಟಿನ ಬಳಿ ನಿಂತು, ನಮ್ಮ ಭಾಷೆಯಲ್ಲಿ ಯಾರೂ ಆಡದ ಆ ಮಾತನ್ನು, ‘ಹೋಗ್ತೀನಿ’ ಎಂದು, ಬಾಯಿ ಬಿಟ್ಟು ಹೇಳಿ ಹೋಗಿ. ಗೇಟು ದೂರವಾದರೆ ರಸ್ತೆಯ ತಿರುವಿನಿಂದ ಕೂಗಿದರೂ ಸಾಕು. ಕೂಗಲು ಸಂಕೋಚವಾದರೆ ಮನಸ್ಸಿನಲ್ಲೇ ಅಂದುಕೊಳ್ಳಿ, ನನಗೊಂದು ಬಿಕ್ಕಳಿಕೆಯಾದರೂ ಬಂದೀತು, ಅದನ್ನೇ

ಕ್ಷಮಿಸಬೇಕು, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳಬೇಕಾಯಿತು. ಮೇಲಿನ ಮನೆಯ ಮೇಡಂ ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಇಳಿದು ಬಂದರು. ನಾನು ‘ಮಾತು’ ಎಂದು ಶುರು ಮಾಡುವಷ್ಟರಲ್ಲಿ ಅತ್ತೆಯವರು ಗೂಟದಿಂದ ಕೀಲಿ ತೆಗೆದು ತಂದು, “ಅಳಿಯಂದ್ರೇ, ಬರದವರಿಗೆ ಕೊಟ್ಟ ಮಾತು ಬಂದು ನಿಂತಿರೋರ ಸೊಂಟ ಮುರೀಬೇಕಾ?” ಎಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಬಿಕ್ಕಳಿಕೆಗಾಗಿ ಒಂದು ಕ್ಷಣ ಕಾದೆ, ಬರಲಿಲ್ಲ.

ಈ ಸಲ ಕಾಗದ ಸರಿಯಾಗಿ ಬರೆದೆ. ತಾರೀಕು ಹಾಕಿದೆ, ಪೂರ್ತಿ ಹಣ ಬಂದಿದೆ ಎಂದು ಬರೆದೆ, ಹೆಂಡತಿ ಎಣಿಸಿದಳು. ಹೆಸರು ಬರೆಯುವಾಗ, ಇಷ್ಟು ವರ್ಷ ‘ಮೇಡಂ’ ಎಂದೇ ಕರೆದವನು ಮೇಲಿನ ಮನೆಯವರ ಹೆಸರನ್ನೂ ಕೇಳಿಲ್ಲವೆಂದು ತಿಳಿದು ಕಿವಿ ಬಿಸಿಯಾಯಿತು. ಅವರು ಮಂಚವನ್ನು ಹಿಂದೆ ಇಟ್ಟು, ಒಳಗೆ ಕೂತು, ಯಾರ ಅಪ್ಪಣೆಯನ್ನೂ ಕೇಳದೆ ಸೀಟನ್ನು ‘ಕಟಕ್’ ಎಂದು ಮುಂದಕ್ಕೆಳೆದುಕೊಂಡರು. ಆ ಸದ್ದಿಗೆ ನನ್ನ ಬೆನ್ನೇ ನೆಟ್ಟಗಾಯಿತು. ಗಾಜು ಇಳಿಸಿ, ನಗುತ್ತಾ, “ಬರ್ತೀನಿ ಅಣ್ಣಾ” ಎಂದರು. ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆಯವರು ಮಾತ್ರ, “ಅಯ್ಯೋ, ದುಡ್ಡು ಕೊಟ್ಟಾಗಿದೆ, ಹಾಯಾಗಿ ಅನ್ನಮ್ಮ” ಎಂದರು.

ಹೀಗೆ ತಮ್ಮ ಕಾರು ತಮ್ಮನ್ನು ಕೇಳದೆ ಮಾರಾಟವಾಯಿತೆಂದು ವಿಷಾದದಿಂದ ತಿಳಿಸುತ್ತೇನೆ. ಮುಂಗಡವನ್ನು ನಾನು ಮುಟ್ಟಿಲ್ಲ. ಅಂಗಡಿಯಲ್ಲಿ ಒಂದು ಕನ್ನಡಕದ ಡಬ್ಬಿಯಲ್ಲಿದೆ. ಕನ್ನಡಕದ ದುಡ್ಡು ಹಿಡಿದುಕೊಳ್ಳಿ ಎಂದು ಹೆಂಡತಿ ಹೇಳಿದಳು. ಲೆಕ್ಕ ಹಾಕಿ ನೋಡಿದರೆ ತಾವೇ ನನಗೆ ಸ್ವಲ್ಪ ಕೊಡಬೇಕಾಗುತ್ತದೆ. ಆದ್ದರಿಂದ ಆ ಲೆಕ್ಕ ಬಿಟ್ಟೆ. ತಮಗೆ ಅನುಕೂಲವಾದಾಗ ಬಂದು ಒಯ್ಯಿರಿ.

ನೋಡಿ, ಮತ್ತೆ ‘ಅನುಕೂಲವಾದಾಗ’ ಎಂದುಬಿಟ್ಟೆ.

ಎಷ್ಟು ತೊಳೆದರೂ ಬುದ್ಧಿ ಬರದ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ಮರೆತ ಮಾತು: ತಾವು ಹಾಕಿಕೊಂಡು ಹೋದದ್ದು ಓದುವ ಕನ್ನಡಕ, ಅದರಲ್ಲಿ ಕೈಯಳತೆಯ ಆಚೆಗಿನದೆಲ್ಲ ಮಂಜಾಗಿ ಕಾಣುತ್ತದೆ. ತಾವು ಅದನ್ನು ಹಾಕಿಕೊಂಡೇ ಬೀದಿಬೀದಿ ಅಲೆಯುತ್ತಾ, ನಮ್ಮ ಗೇಟು ಯಾವುದೆಂದು ಗೊತ್ತಾಗದೆ ಇಷ್ಟು ದಿನ ಹುಡುಕುತ್ತಿದ್ದೀರೆಂದು ನಾನಿನ್ನೂ ನಂಬಿಕೊಂಡಿದ್ದೇನೆ. ಈ ಪತ್ರ ಓದಿ ಮುಗಿದ ಕೂಡಲೆ ದಯಮಾಡಿ ಅದನ್ನು ತೆಗೆಯಿರಿ.