ಕಣ್ಣಿನ ಯಂತ್ರವೂ ಮಾವಿನ ಗುತ್ತಿಗೆದಾರರೂ

ಯಂತ್ರ ಬಂದರೆ ಗೊಂದಲ ಕಡಿಮೆಯಾಗುತ್ತದೆ ಎಂದು ಮಾರಿದವರು ಹೇಳಿದ್ದರು. ಕೋಲಾರದ ನಮ್ಮ ಆಸ್ಪತ್ರೆಯಲ್ಲಿ ಈಗ ವಾರಕ್ಕೊಂದು ಹೊಸ ಗೊಂದಲ. ತಲೆಗೆ ಪೆಟ್ಟಾದವರ ನೋಟ ಪರದೆಯ ಮೇಲೆ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ಅದು ಕೆಂಪು ಗುರುತು ಹಾಕುತ್ತದೆ. ನಡೆಸುವವನು ನಾನು. ಒಬ್ಬರ ಕಥೆ ಸಾಕು.

ಗೌನಿಪಲ್ಲಿ ಕಡೆಯ ಮಾವಿನ ಗುತ್ತಿಗೆದಾರರು. ಮರ ನೋಡಿಯೇ ಫಸಲು ಅಂದಾಜು ಮಾಡಿ, ತೋಟದವರ ಹತ್ತಿರ ರೇಟು ಕುದುರಿಸಿ ಕೊಳ್ಳುವವರು. ಬೈಕಿನಿಂದ ಬಿದ್ದ ಮೇಲೆ ಎಡಗಡೆ ಇರುವುದು ಗಮನಕ್ಕೇ ಬರುತ್ತಿರಲಿಲ್ಲ. ತಟ್ಟೆಯ ಎಡಗಡೆಯ ಪಲ್ಯ ಹಾಗೇ ಉಳಿಯುತ್ತಿತ್ತು. ಡಾಕ್ಟರು ‘ಸರಿಹೋಗಿದೆ’ ಎಂದು ಬರೆದುಕೊಡುವವರೆಗೆ ತೋಟಕ್ಕೆ ಕಾಲಿಡಕೂಡದೆಂದು ಹೆಂಡತಿಯ ಕಟ್ಟಪ್ಪಣೆ. ಕಾಯಿ ಆಗಲೇ ಬಲಿಯುತ್ತಿತ್ತು. ಈ ಸಲ ತಪ್ಪಿದರೆ ಮುಂದಿನ ವರ್ಷವೇ ಕೆಲಸ.

ಚುಕ್ಕಿ

“ಪರದೆ ಮೇಲಿನ ಚುಕ್ಕಿ ನೋಡಿ” ಎಂದೆ. ಅವರು ನನ್ನ ಮುಖ ನೋಡಿದರು.

“ಚುಕ್ಕಿ ನೋಡಿ ಯಜಮಾನ್ರೇ.”

“ನೀವು ಮಾತಾಡ್ತಾ ಇದ್ದೀರಲ್ಲ ಸಾರ್. ಮಾತಾಡೋರ ಮುಖ ಬಿಟ್ಟು ಟೀವಿ ನೋಡೋಕೆ ನಾನೇನು ನಿಮ್ಮನೆ ಅಳಿಯನಾ?”

ಯಂತ್ರದ ವರದಿ: ಗಮನ ಶೂನ್ಯ.

ಭಾವಮೈದುನ

ಮುಂದಿನ ವಾರ ನೂರಕ್ಕೆ ನೂರು. ನಂಬಿಕೆ ಬರಲಿಲ್ಲ, ತಿರುಗಿ ನೋಡಿದೆ. ಅವರ ಹಿಂದೆ ನಿಂತ ಭಾವಮೈದುನ, ಚುಕ್ಕಿ ಎಡಕ್ಕೆ ಬಂದರೆ ಎಡ ಭುಜ, ಬಲಕ್ಕೆ ಬಂದರೆ ಬಲ ಭುಜ ತಟ್ಟುತ್ತಿದ್ದ.

“ಏನ್ರೀ ಇದು?”

“ಬಾವ ಫೇಲಾಗೋದನ್ನ ನೋಡ್ತಾ ನಿಂತ್ಕೊಳ್ಳಕ್ಕಾಗುತ್ತಾ ಸಾರ್? ಎಸ್ಸೆಲ್ಸಿಲಿ ನನ್ನ ಪಾಸ್ ಮಾಡಿಸಿದ್ದೇ ಇವರು.”

ಕೊಂಬೆ

ಮೂರನೇ ಸಲ ಡಾಕ್ಟರು ಭಾವಮೈದುನನನ್ನು ಹೊರಗೆ ಕಳಿಸಿ ಮಾವಿನ ಮರದ ಫೋಟೋ ಹಾಕಿಸಿದರು. ಎಡಗಡೆ ಗೊಂಚಲು ಗೊಂಚಲು ಕಾಯಿ. ಬಲಗಡೆ ಬರೀ ಎಲೆ.

“ಯಾರ ತೋಟ ಸಾರ್?”

“ನಮ್ಮದೇ” ಎಂದರು ಡಾಕ್ಟರು, ಸಲಿಗೆಯಿಂದ.

ಎಡಕ್ಕೆ ಬಿದ್ದದ್ದು ಒಂದೇ ಗುರುತು. ಉಳಿದವೆಲ್ಲ ಎಲೆಗಳ ಮೇಲೆ. ಡಾಕ್ಟರು ನಿಟ್ಟುಸಿರುಬಿಟ್ಟು ಪೆನ್ನು ತೆಗೆದರು. “ಇನ್ನೆರಡು ತಿಂಗಳು ಬೇಕು.”

ಪಕ್ಕದಲ್ಲೇ ಕೂತಿದ್ದ ಗುತ್ತಿಗೆದಾರರ ಹೆಂಡತಿಗೆ ರೇಗಿತು. “ತೋಟದೋರು ಎದುರಿಗೇ ಕೂತಿರುವಾಗ ಕಾಯಿ ಇರೋ ಕಡೆ ಯಾರಾದ್ರೂ ನೋಡ್ತಾರಾ? ನೀವು ರೇಟು ಏರಿಸಲ್ವಾ?”

ಡಾಕ್ಟರು ಪೆನ್ನು ಕೆಳಗಿಟ್ಟರು. “ತೋಟ ನಂದಲ್ಲ ಕಣಮ್ಮ. ಇಂಟರ್ನೆಟ್ಟಿನ ಫೋಟೋ.”

ಎಡಗಡೆಯ ಕೊಂಬೆಗಳು ಕೆಂಪಾದವು. ಒಂದು ಗೊಂಚಲನ್ನೂ ಬಿಡಲಿಲ್ಲ. ಡಾಕ್ಟರು ಇನ್ನೆರಡು ಫೋಟೋ ತೋರಿಸಿ, ಖಾತ್ರಿ ಮಾಡಿಕೊಂಡು, ‘ಸರಿಹೋಗಿದೆ’ ಎಂದು ಸಹಿ ಹಾಕಿದರು.

ಗುತ್ತಿಗೆದಾರರು ಕೈಮುಗಿದು ಎದ್ದರು.

“ಮೊದ್ಲೇ ಹೇಳ್ಬಾರ್ದಾ ಸಾರ್? ಕಾಯಿಗೆಲ್ಲ ಹುಳ ಬಿದ್ದಿದೆ ಅಂತ ಶುರು ಮಾಡೋನಿದ್ದೆ.”