ಭಾವನ ಕೊಡುಗೆ

ಲಾರಿಯ ಟೂಲ್ ಬಾಕ್ಸಿಗೆ ಬಣ್ಣ ಹಚ್ಚುವುದರಲ್ಲಿ ಏನು ಮಹಾ? ಉಜ್ಜಬೇಕು, ಬಳಿಯಬೇಕು, ಒಣಗಿಸಬೇಕು. ಹೀಗೆಂದವನು ನಾನೇ!

ಸೊರಬದ ಮಾವನ ಮನೆಯಲ್ಲಿ ನನ್ನ ಬಗ್ಗೆ ಒಮ್ಮತದ ಅಭಿಪ್ರಾಯವಿದೆ: ಅಳಿಯಂದಿರು ಒಳ್ಳೆಯವರು, ಆದರೆ ಅವರ ಕೈಗೆ ಏನೂ ಕೊಡಬಾರದು. ಮದುವೆಯಾದ ಹೊಸದರಲ್ಲಿ ಅವರ ಮಿಕ್ಸಿ ರಿಪೇರಿ ಮಾಡಿಕೊಟ್ಟಿದ್ದೆ. ಅಂದಿನಿಂದ ಅತ್ತೆ ಒರಳಿನಲ್ಲಿ ರುಬ್ಬುತ್ತಿದ್ದಾರೆ. ಈ ಕಳಂಕ ತೊಳೆದುಕೊಳ್ಳಲು ದಾರಿ ಕಾಣದೆ ಕೊರಗುತ್ತಿದ್ದಾಗ, ಹೆಂಡತಿ ಸರೋಜಳ ತಮ್ಮ ಗಣಪತಿ ತನ್ನ ಲಾರಿಯನ್ನು ಶಿಕಾರಿಪುರದ ನಮ್ಮ ಮನೆ ಮುಂದೆ ನಿಲ್ಲಿಸಿ ಯಾವುದೋ ಮದುವೆಗೆ ಹೋದ. ಅದರ ಟೂಲ್ ಬಾಕ್ಸಿಗೆ ತುಕ್ಕು ಹಿಡಿದಿತ್ತು. ನನಗೆ ಹುಮ್ಮಸ್ಸು ಹಿಡಿಯಿತು.

ಪೇಂಟ್ ಅಂಗಡಿಗೆ ಹೋಗಿ, "ಜನ್ಮದಲ್ಲಿ ಹೋಗಬಾರದು, ಅಂಥ ಬಣ್ಣ ಕೊಡಿ" ಎಂದೆ.

"ಈ ಎರಡೂ ಡಬ್ಬಿ ಕಲಸಿ ಹಚ್ರೀ, ಕಲ್ಲಾಗ್ತೈತಿ. ಆದ್ರ ಪೂರ್ತಿ ಒಣಗೋ ತನಕ ಮುಚ್ಚಳ ಮುಚ್ಚಬ್ಯಾಡ್ರೀ ಮತ್ತ" ಎಂದರು ಅಂಗಡಿಯವರು.

"ಅಷ್ಟೂ ಗೊತ್ತಾಗಲ್ವೇನ್ರೀ?" ಎಂದು ನಕ್ಕೆ. ಆ ನಗು ನೆನೆದರೆ ಈಗ ಅಳು ಬರುತ್ತದೆ.

ಮೊದಲು ಪೆಟ್ಟಿಗೆ ಖಾಲಿ ಮಾಡಿ ಅದರ ಮುಂಭಾಗಕ್ಕೆ ನೀಲಿ ಬಳಿದೆ. ಅದು ಒಣಗಿದ ಮೇಲೆ ಅದೇ ಜಾತಿಯ ಹಳದಿಯಲ್ಲಿ ‘ಭಾವನ ಕೊಡುಗೆ’ ಎಂದು ಬರೆದೆ. ಮಾರನೆಯ ಬೆಳಿಗ್ಗೆ ಮುಚ್ಚಳ, ಅಂಚು, ಕೀಲುಗಳಿಗೆ ಕೈಬಿಚ್ಚಿ ಬಳಿದೆ. ಅಷ್ಟರಲ್ಲಿ ಸರೋಜ ಪೂಜೆ ತಟ್ಟೆ ಹಿಡಿದು ಬಂದಳು.

"ಇವತ್ತು ಅಮಾವಾಸ್ಯೆ ರೀ. ಗಾಡಿ ಪೂಜೆ ಆಗ್ಬೇಕು."

"ಮಾಡು."

"ಬಾಯಿ ತೆರ್ಕೊಂಡಿರೋ ಪೆಟ್ಟಿಗೆಗೆ ಯಾರಾದ್ರೂ ಪೂಜೆ ಮಾಡ್ತಾರಾ? ಅದೂ ಖಾಲಿ ಪೆಟ್ಟಿಗೆಗೆ! ಸಾಮಾನು ತುಂಬಿ ಮುಚ್ಚಿ."

"ಹಸಿ ಇದೆ ಕಣೇ, ಅಂಗಡಿಯವರು..."

"ಅಂಗಡಿಯವರು ಲಾರಿ ಓಡಿಸ್ತಾರಾ? ಓಡಿಸೋನು ನನ್ನ ತಮ್ಮ!"

ಜಾಕು, ಸ್ಪ್ಯಾನರು, ಕಬ್ಬಿಣದ ರಾಡು ಎಲ್ಲ ತುಂಬಿ ಮುಚ್ಚಿದೆ. ಅವಳು ಕುಂಕುಮವಿಟ್ಟು, ಅಕ್ಷತೆ ಹಾಕಿ, ಆರತಿ ಎತ್ತಿದಳು. ಆರತಿಯಾದ ಕೂಡಲೇ ತೆರೆಯೋಣವೆಂದುಕೊಂಡೆ. ಪಾಯಸ ಉಂಡು ಮಲಗಿಬಿಟ್ಟೆ.

ಮರುದಿನ ಬಂದ ಗಣಪತಿ ಬೆರಗಾದ. "ಭಾವ, ನೀವೇ ಮಾಡಿದ್ದಾ? ಅಮ್ಮ ನೋಡ್ಬೇಕು ಇದನ್ನ!" ಹೊಗಳಿಕೆಯನ್ನು ಖುದ್ದಾಗಿ ಸ್ವೀಕರಿಸಲು ನಾನೂ ಲಾರಿ ಹತ್ತಿದೆ.

ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಟೈರು ಢಮ್ ಎಂದಿತು.

"ಜಾಕ್ ತೆಗೀರಿ ಭಾವ."

ಎಳೆದೆ. ಗಣಪತಿ ಎಳೆದ. ಬಸ್ಸಿಗೆ ಕಾದಿದ್ದವರೂ ಬಂದು ಎಳೆದರು. ಲಾರಿ ಅಲುಗಿತು, ಮುಚ್ಚಳ ಅಲುಗಲಿಲ್ಲ! ಮೀಟಲು ರಾಡು ಬೇಕಿತ್ತು. ರಾಡು ಒಳಗಿತ್ತು.

"ಎಂತ ಮಾಡಿಟ್ರಿ ಭಾವ? ಜಡೆ ಊರಲ್ಲಿ ಭತ್ತದ ಲೋಡು ಕಾಯ್ತಾ ಇದೆಯಲ್ರೀ!" ಅವನಿಗೆ ಅಳುವುದೊಂದು ಬಾಕಿ. ನಾನಾಗಲೇ ಒಳಗೊಳಗೆ ಅಳುತ್ತಿದ್ದೆ. ಭೂಮಿ ಬಾಯಿಬಿಡಬಾರದೇ ಎನಿಸಿತು. ಪೆಟ್ಟಿಗೆಯೇ ಬಿಡಲಿಲ್ಲ, ಇನ್ನು ಭೂಮಿ!

ಕೊನೆಗೆ ವೆಲ್ಡಿಂಗ್ ಅಂಗಡಿಯಿಂದ ಕಟಿಂಗ್ ಮಷೀನು ಬಂದು ಮುಚ್ಚಳವನ್ನು ಕೊಯ್ದು ತೆಗೆಯಿತು. ಅಷ್ಟರಲ್ಲಿ ಜಡೆಯ ಭತ್ತ ಬೇರೆ ಲಾರಿ ಹತ್ತಿತ್ತು. ತಂತಿಯಲ್ಲಿ ಬಿಗಿದ ಪೆಟ್ಟಿಗೆಯೊಂದಿಗೆ ಮಾವನ ಮನೆ ಸೇರಿದೆವು. ‘ಭಾವನ ಕೊಡುಗೆ’ಯನ್ನಾದರೂ ಅಳಿಸೋಣವೆಂದು ಥಿನ್ನರ್ ಹಾಕಿದೆ, ಪೆಟ್ರೋಲ್ ಹಾಕಿದೆ, ಉಗುರಿನಲ್ಲಿ ಕೆರೆದೆ. ಜನ್ಮದಲ್ಲಿ ಹೋಗಬಾರದು ಎಂದಿದ್ದೆನಲ್ಲ, ಹೋಗಲಿಲ್ಲ!

ಅತ್ತೆ ಹೊರಗೆ ಬಂದರು. ಕೊಯ್ದ ಮುಚ್ಚಳ ನೋಡಿದರು. ಅಕ್ಷರಗಳನ್ನು ಒಂದೊಂದಾಗಿ ಓದಿದರು.

"ಅಳಿಯಂದ್ರೇ, ಬಣ್ಣ ಉಳಿದಿದ್ರೆ ನಮ್ಮ ಮಿಕ್ಸಿ ಮೇಲೂ ಹೀಗೇ ಬರೆದುಕೊಡಿ."

ಉಳಿದಿರಲಿಲ್ಲ. ಡಬ್ಬಿಯಲ್ಲೇ ಕಲ್ಲಾಗಿತ್ತು, ಬ್ರಷ್ ಸಮೇತ.