ಮರಕ್ಕೆ ಎರಡನೇ ಕೋಟು

ಹೆಂಡತಿ: ಎರಡೂವರೆ ವರ್ಷದ ಮಗು ಬಿಡಿಸೋ ಚಿತ್ರಕ್ಕೆ ಪ್ರೈಮರ್ ಯಾಕ್ರೀ?

ಗಂಡ: ಪ್ರೈಮರ್ ಇಲ್ದೆ ಬಣ್ಣ ನಿಲ್ಲುತ್ತೇನೇ? ನಾಳೆ ಚಕ್ಕೆ ಎದ್ದು ಉದುರಿದ್ರೆ ಯಾರೂ ಗುಂಡಮ್ಮನ್ನ ಬೈಯಲ್ಲ, ನನ್ನನ್ನ ಬೈತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ.

ಗಂಡ ಊರವರ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಮಗಳು ಗುಂಡಮ್ಮನ ಶಿಶುವಿಹಾರದ ಟೀಚರ್ ಕೇಳಿದ್ದು ಇಷ್ಟೇ: ಎಲೆ ಉದುರುವ ಕಾಲದ ಒಂದು ಮರ, ಮಗುವೇ ಬಿಡಿಸಬೇಕು, ಮನೆ ಗಲೀಜಾಗದಂತೆ ಸುಲಭವಾಗಿ. ಈತ ಸೋಫಾಕ್ಕೆ, ಗಡಿಯಾರಕ್ಕೆ, ಫ್ಯಾನಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪ್ ಅಂಟಿಸಿಬಿಟ್ಟಿದ್ದಾನೆ. ಕುರ್ಚಿಯಲ್ಲಿ ಕೂತಿದ್ದ ಹೆತ್ತ ತಾಯಿಗೂ ಕುತ್ತಿಗೆಯವರೆಗೆ ಹೊದಿಸಿದ್ದಾನೆ.

ಅತ್ತೆ: ಲೋ, ನನ್ನನ್ನ ಯಾವಾಗ ಬಿಚ್ತೀಯೋ?

ಗಂಡ: ಎರಡನೇ ಕೋಟ್ ಆದ್ಮೇಲೆ ಅಮ್ಮ. ಅಲ್ಲಾಡಬೇಡ, ಟೇಪ್ ಕಿತ್ತು ಬರುತ್ತೆ.

ಹೆಂಡತಿ: ಆ ಚಿತ್ರದ ಕಾಗದ ನೋಡಿ ಅತ್ತೆ, ಒಂದು ಕೈಲಿ ಎತ್ತೋಕಾಗಲ್ಲ. ಪ್ರೈಮರ್‌ಗೆ ಮುಂಚೆ ಎರಡು ಸಲ ಪುಟ್ಟಿ ಬೇರೆ ಮೆತ್ತಿದ್ದಾರೆ. ಮೂಗಿಗಿಂತ ಮೂಗುತಿ ಭಾರ.

ಗಂಡ: ಉಜ್ಜಿದ್ರೆ ಹಗುರ ಆಗುತ್ತೆ.

ಹೆಂಡತಿ: ಟೀಚರ್ ಕೇಳಿದಾಗ ಎಲೆ ಉದುರ್ತಿತ್ತು. ಈಗ ಬೀದಿ ಮರವೆಲ್ಲ ಚಿಗುರಿ ನಿಂತಿದೆ.

ಗಂಡ: ಮರಕ್ಕೇನು ಗೊತ್ತೇ? ಒಂದೇ ಕೋಟಲ್ಲಿ ಚಿಗುರಿಬಿಡುತ್ತೆ. ಅದಕ್ಕೇ ವರ್ಷಾ ವರ್ಷಾ ಉದುರೋದು.

ಹೆಂಡತಿಗೆ ಅಳುವೇ ಬಂತು.

ಹೆಂಡತಿ: ನಿಮಗೆ ತಮಾಷೆ. ಶಿಶುವಿಹಾರದಲ್ಲಿ ಎಲ್ಲ ಮಕ್ಕಳ ಚಿತ್ರವೂ ಗೋಡೆ ಮೇಲಿದೆ, ನಮ್ಮದರ ಮೊಳೆ ಖಾಲಿ. ದಿನಾ ಅದರ ಕೆಳಗೆ ನಿಂತು ‘ನಂದು?’ ಅಂತ ಕೇಳುತ್ತೆ ಮಗು. ನಾಳೆ ಅಪ್ಪ ಅಮ್ಮಂದಿರನ್ನೆಲ್ಲ ಕರೆದಿದ್ದಾರೆ. ನಾನು ಹೋಗಿ ಮೊಳೆ ನೋಡ್ಕೊಂಡು ಬರ್ಲಾ?

ಗಂಡ ತಲೆ ಕೆರೆದುಕೊಂಡ.

ಗಂಡ: ಮೊಳೆಗೂ ಬಣ್ಣ ಹೊಡೆದಿಲ್ವಂತಾ?

ಆಕೆ ಅಡುಗೆಮನೆಗೆ ಹೋಗಿ ಜಿಪ್ ಇರುವ ಪ್ಲಾಸ್ಟಿಕ್ ಕವರ್ ತಂದಳು. ಒಳಗೆ ಬಿಳಿ ಕಾಗದ ಇಟ್ಟು, ಕೆಂಪು, ಹಳದಿ, ಕಂದು ಬಣ್ಣಗಳನ್ನು ನಾಲ್ಕು ತೊಟ್ಟು ಹಾಕಿ, ಜಿಪ್ ಎಳೆದು ನೆಲದ ಮೇಲಿಟ್ಟಳು.

ಹೆಂಡತಿ: ಬಾ ಗುಂಡಮ್ಮ, ಇದರ ಮೇಲೆ ಕೈಯಿಂದ ಒತ್ತು.

ಗುಂಡಮ್ಮ: ಕೈ ಇಲ್ಲ.

ನಿಜವೇ. ಎರಡೂ ಕೈ ಅಪ್ಪನ ದೊಡ್ಡ ರಬ್ಬರ್ ಗ್ಲೌಸಿನೊಳಗಿದ್ದವು, ಮೊಣಕೈ ಹತ್ತಿರ ಟೇಪ್ ಬೇರೆ.

ಹೆಂಡತಿ: ಮಗೂಗೂ ಟೇಪ್ ಸುತ್ತಿದ್ದೀರಾ?

ಗಂಡ: ಅಂಚು ನೀಟಾಗಿ ಬರ್ಲಿ ಅಂತ.

ಗ್ಲೌಸ್ ಕಿತ್ತುಕೊಳ್ಳಲು ಗುಂಡಮ್ಮ ದೊಪ್ಪನೆ ಕೂತಳು, ಕವರಿನ ಮೇಲೆಯೇ. ಗ್ಲೌಸ್ ಬರಲಿಲ್ಲ. ಸಿಟ್ಟಿನಲ್ಲಿ ಎಡಕ್ಕೆ ಉರುಳಿದಳು, ಬಲಕ್ಕೆ ಉರುಳಿದಳು, ಕೂತಲ್ಲೇ ಕುಣಿದಳು.

ಅತ್ತೆ: ಅಯ್ಯೋ, ಮಗೂನ ಎತ್ತೇ. ನಾನು ಬರೋ ಹಾಗಿಲ್ಲ, ನನಗೆ ಟೇಪ್ ಹಾಕಿದೆ.

ಹೆಂಡತಿ ಮಗುವನ್ನು ಎತ್ತಿ ಕಾಗದ ಹೊರತೆಗೆದಳು. ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಕಾಗದದ ತುಂಬ ಕೆಂಪು ಹಳದಿ ಎಲೆಗಳು ಗಾಳಿಗೆ ಸಿಕ್ಕಂತೆ ಹರಡಿದ್ದವು, ನಡುವೆ ಕಂದು ಕಾಂಡ. ಗಂಡ ಅದನ್ನು ಬೆಳಕಿಗೆ ಹಿಡಿದ. ತಿರುಗಿಸಿದ.

ಹೆಂಡತಿ: ಒಂದೇ ಕೋಟು. ಏನಾದ್ರೂ ಹೇಳೋದಿದ್ಯಾ?

ಗಂಡ: ಬಣ್ಣಕ್ಕೆ ಬಣ್ಣ ಸೇರಿದ ಗುರುತೇ ಇಲ್ಲ ಕಣೇ. ಇಷ್ಟು ವರ್ಷ ರೋಲರ್ ಉರುಳಿಸಿದ್ದೀನಿ, ನನಗೆ ಹೀಗೆ ಬಂದಿಲ್ಲ. ಮೇಲಿನ ಬೀದಿ ಡಾಕ್ಟರ್ ತಮ್ಮ ಹಾಲ್ ಗೋಡೆಗೆ ಇಂಥದ್ದೇ ಬೇಕು ಅಂತ ಪ್ರಾಣ ತಿಂತಿದ್ದಾರೆ. ಇದನ್ನ ಸ್ಯಾಂಪಲ್‌ಗೆ ತಗೊಂಡು ಹೋಗ್ತೀನಿ.

ಹೆಂಡತಿ: ಕೈ ತೆಗೀರಿ. ಇದು ಮೊಳೆಗೆ ಹೋಗುತ್ತೆ.

ಆಕೆ ಚಿತ್ರವನ್ನು ಗುಂಡಮ್ಮನ ಚೀಲದ ಪಕ್ಕದಲ್ಲಿಟ್ಟಳು. ಗುಂಡಮ್ಮ ಗ್ಲೌಸಿನ ಕೈಯಿಂದಲೇ ಅದನ್ನು ತೋರಿಸಿ ‘ನಂದು’ ಅಂದಳು. ಕೇಳಿ ತಾಯಿಯ ಎದೆ ಹಗುರಾಯಿತು.

ಗಂಡ: ಆಯ್ತು, ಅದು ಮೊಳೆಗೇ ಹೋಗ್ಲಿ. ನಾಳಿದ್ದು ಮಗೂನೇ ನನ್ನ ಜೊತೆ ಕೆಲಸಕ್ಕೆ ಕಳಿಸು. ಡಾಕ್ಟರ್ ಮನೆ ಗೋಡೆ ಮೇಲೆ ಒಂದರ್ಧ ಗಂಟೆ ಹೀಗೇ ಕೂತ್ರೆ ಸಾಕು.

ಹೆಂಡತಿ: ಕೂರ್ತಾಳೆ, ಅದಕ್ಕೇನು. ನೀವು ಮುಂಚೆ ಹೋಗಿ ಗೋಡೆನ ಮಲಗಿಸಿ ಬನ್ನಿ.